ವಿಮಾನದ ಮನೆಗೆ ವಿಮಾನದಲ್ಲೇ ಹೋಗ್ಬೇಕು: ಹತ್ತು ಪೋಸ್ಟ್‌ಗಳ ಒಂದು ಜಗಳ

1/10 ✈️
ಫೋಟೋ ನೋಡಿ ಮೋಸ ಹೋಗ್ಬೇಡಿ. ನನ್ನ ಹಿಂದೆ ಇರೋದು ಕಿರಣ್ ವಿಮಾನ, ಜಾಗ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ. ಆದ್ರೆ ಅಲ್ಲಿಗೆ ಹೋಗಿದ್ದು ಮಾಲೂರಿಂದ ಬೆಳಗಿನ ರೈಲಲ್ಲಿ, ಬಾಗಿಲ ಹತ್ರ ಒಂಟಿಕಾಲಲ್ಲಿ ನಿಂತ್ಕೊಂಡು. ಕೆ.ಆರ್.ಪುರದಲ್ಲಿ ಇಳಿದು ಮಾರತಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಅಜ್ಜಿ ಮನೆ ಬಿಟ್ಟಿದ್ದು ಆರೂವರೆಗೆ, ಮ್ಯೂಸಿಯಂ ಟಿಕೆಟ್ ಕೈಗೆ ಬಂದಿದ್ದು ಹತ್ತಕ್ಕೆ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಓಡಾಡ್ತಲ್ಲ, ನೆನಪಿದೆಯಾ? ಇಬ್ಬರು ವಿದೇಶಿಯರು ಪುಟ್ಟ ವಿಮಾನ ಹತ್ತಿ, ಒಂದು ಗಂಟೆ ಹಾರಿ, ವಿಮಾನಗಳ ಮ್ಯೂಸಿಯಂ ಅಂಗಳದಲ್ಲೇ ಇಳೀತಾರೆ. ನಾವು ಬೈಕ್ ನಿಲ್ಲಿಸೋ ಹಂಗೆ ವಿಮಾನ ನಿಲ್ಲಿಸಿ, ಟೀ ಕುಡಿದು, ಹಳೇ ವಿಮಾನ ಎಲ್ಲಾ ನೋಡ್ಕೊಂಡು, ಸಂಜೆ ವಾಪಸ್ ಹಾರ್ತಾರೆ.

ಅದರ ಕೆಳಗೆ ನೀವೇ ಹಾಕಿದ ಮಾತುಗಳು: "ದುಡ್ಡಿದ್ದೋರ ಶೋಕಿ." "ನಮ್ ದೇಶದಲ್ಲಿ ಆಗಲ್ಲ ಬಿಡು ಗುರು." "ಮುಳಬಾಗಿಲು ಬಸ್ಸಲ್ಲಿ ಸೀಟ್ ಸಿಕ್ರೆ ನಮಗದೇ ವಿಮಾನ." ನಾನೂ ನಕ್ಕು ಒಂದು ಎಮೋಜಿ ಒತ್ತಿದೆ. ಆಮೇಲೆ ನಕ್ಕಿದ್ದಕ್ಕೆ ನಾಚಿಕೆ ಆಯ್ತು. ಯಾಕೆ ಅಂತ ಹತ್ತು ಪೋಸ್ಟಲ್ಲಿ ಹೇಳ್ತೀನಿ. ಬೈಯೋರು ಹತ್ತನೇದು ಓದಿ ಬೈರಿ.

2/10
ಮೊದಲು ಆ ರೀಲ್‌ನಲ್ಲಿ ಇದ್ದದ್ದು ಏನು ಅಂತ ಸರಿಯಾಗಿ ತಿಳ್ಕೊಳ್ಳೋಣ.

ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ರ ಡಕ್ಸ್‌ಫರ್ಡ್ ಅಂತ ಒಂದು ಜಾಗ ಇದೆ. ಹಿಂದೆ ಅದು ವಾಯುಪಡೆಯ ನೆಲೆ, ಈಗ ಮ್ಯೂಸಿಯಂ. ರನ್‌ವೇಯನ್ನ ಅಗೆದು ಸೈಟ್ ಮಾಡಲಿಲ್ಲ, ಹಂಗೇ ಉಳಿಸಿಕೊಂಡ್ರು. ಮುಂಚೆ ಅನುಮತಿ ಕೇಳಿ, ಇಳಿಯೋ ಶುಲ್ಕ ಕಟ್ಟಿದ್ರೆ ಹೊರಗಿನ ಸಣ್ಣ ವಿಮಾನಗಳೂ ಅಲ್ಲಿ ಇಳೀಬಹುದು. ಅದೇ ದೇಶದ ಓಲ್ಡ್ ವಾರ್ಡನ್‌ನಲ್ಲಿರೋ ಶಟಲ್‌ವರ್ತ್ ಸಂಗ್ರಹಕ್ಕೆ ಹುಲ್ಲಿನ ರನ್‌ವೇ. 1909ರ ಬ್ಲೇರಿಯೋ ವಿಮಾನ ಒಂದನ್ನ ಅವರು ಇವತ್ತಿಗೂ ನೆಲ ಬಿಡಿಸ್ತಾರೆ. ಅಮೆರಿಕದ ಆಶ್‌ಕಾಶ್‌ನಲ್ಲಿ ಪ್ರತಿ ಜುಲೈಗೆ ವಿಮಾನಗಳ ಜಾತ್ರೆ. ಸಾವಿರಾರು ಸಣ್ಣ ವಿಮಾನ ಬಂದು ಸೇರ್ತವೆ, ಪೈಲಟ್‌ಗಳು ರೆಕ್ಕೆ ಕೆಳಗೇ ಟೆಂಟ್ ಹಾಕಿ ಮಲಗ್ತಾರೆ. ನಮ್ಮ ಕಡೆ ದನದ ಜಾತ್ರೇಲಿ ಗಾಡಿ ಕೆಳಗೆ ಮಲಗ್ತಾರಲ್ಲ, ಥೇಟ್ ಹಂಗೆ.

ಹಂಗೆ ಬರೋರೆಲ್ಲ ಕೋಟ್ಯಧಿಪತಿಗಳು ಅಂದ್ಕೊಳ್ಬೇಡಿ. ಎಷ್ಟೋ ಜನ ಕ್ಲಬ್ ವಿಮಾನವನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೋತಾರೆ. ಎಷ್ಟೋ ಜನ ಚೀಟಿ ಹಾಕ್ದಂಗೆ ನಾಲ್ಕೈದು ಮಂದಿ ಸೇರಿ ಒಂದು ಹಳೇ ವಿಮಾನ ಇಟ್ಕೊಂಡಿರ್ತಾರೆ. ನಾನು ಹೊಟ್ಟೆಕಿಚ್ಚು ಪಡ್ತಿರೋದು ಅವರ ದುಡ್ಡಿಗಲ್ಲ. ಅಲ್ಲಿ ಮ್ಯೂಸಿಯಂಗೂ ಆಕಾಶಕ್ಕೂ ನಡುವೆ ಬಾಗಿಲು ತೆಗೆದಿದೆ. ನನ್ನ ಹೊಟ್ಟೆಕಿಚ್ಚು ಅದಕ್ಕೆ.

3/10
ಈಗ ನಮ್ಮದು. ಸ್ವೈಪ್ ಮಾಡಿ.

1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕಿ ಪಾಲುದಾರ ಆಯ್ತು. ಮುಂದೆ ಅದೇ ಎಚ್‌ಎಎಲ್. 2001ರಲ್ಲಿ ಅವರು ಹಳೇ ಏರ್‌ಪೋರ್ಟ್ ರಸ್ತೇಲಿ ಈ ಮ್ಯೂಸಿಯಂ ತೆಗೆದ್ರು. ಎಚ್‌ಟಿ-2 ಇದೆ, ಮಾರುತ್ ಇದೆ, ಅಜೀತ್ ಇದೆ, ಕಿರಣ್ ಇದೆ. ಎರಡನೇ ಫೋಟೋದಲ್ಲಿರೋ ಚೂಪು ಮೂತಿಯದ್ದೇ ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ನಮ್ಮವರ ಜೊತೆ ಕೂತು ರೂಪಿಸಿದ್ದು. 1961ರ ಜೂನ್ 17ರಂದು ಅದನ್ನ ಮೊದಲು ಹಾರಿಸಿದ್ದು ಸುರಂಜನ್ ದಾಸ್. 1970ರಲ್ಲಿ ಮಾರುತ್ ಪರೀಕ್ಷೆ ಮಾಡ್ತಾನೇ ಅವರು ಸತ್ತರು. ಬೆಂಗಳೂರಲ್ಲಿ ಸುರಂಜನ್ ದಾಸ್ ರಸ್ತೆ ದಾಟಿ ಎಷ್ಟು ಸಲ ಹೋಗಿದ್ದೀರಿ? ಅದು ಅವರ ಹೆಸರೇ.

ಎಚ್‌ಎಎಲ್ ರನ್‌ವೇನೂ ಅದೇ ವಿಮಾನಪುರದಲ್ಲಿ, ಇನ್ನೂ ಜೀವಂತ. 2008ರ ಮೇ 24ಕ್ಕೆ ದೇವನಹಳ್ಳಿ ನಿಲ್ದಾಣ ಶುರುವಾದ ಮೇಲೆ ಟಿಕೆಟ್ ಪ್ರಯಾಣಿಕರ ವಿಮಾನ ನಿಂತವು, ಅಷ್ಟೇ. ಪರೀಕ್ಷಾ ಹಾರಾಟ ನಡೀತದೆ. ವಿಐಪಿ ವಿಮಾನ ಇಳೀತವೆ. ಅನುಮತಿ ತಗೊಂಡ ಚಾರ್ಟರ್ ಜೆಟ್‌ಗಳೂ ಇಳೀತವೆ. ಮ್ಯೂಸಿಯಂ ನೋಡೋಕೆ ಅಂತ ಒಂದು ಎರಡು ಸೀಟಿನ ವಿಮಾನ ಬಂದು ಇಳಿಯೋ ವ್ಯವಸ್ಥೆ ಮಾತ್ರ ಇಲ್ಲ. ಮ್ಯೂಸಿಯಂ ಗೇಟು ತೆರೆಯೋದು ರಸ್ತೆ ಕಡೆಗೆ.

4/10
ಈ ಫೋಟೋದಲ್ಲಿರೋ ಕೈ ನಮ್ಮ ತಾತಂದು. ಅಮ್ಮನ ಅಪ್ಪ. ಮಾಲೂರು ತಾಲೂಕಿನವರು. ಫೋಟೋ ಹಳೇದು, ನಾನು ಆರನೇ ಕ್ಲಾಸಲ್ಲಿದ್ದಾಗ ಅಮ್ಮನ ಫೋನಲ್ಲಿ ತೆಗೆದಿದ್ದು.

ತಾತ ವಿಮಾನದ ಕಾರ್ಖಾನೇಲಿ ರಿವೆಟ್ ಹೊಡೀತಿದ್ರು. ಮಾಲೂರಿಂದ ಕೆ.ಆರ್.ಪುರಕ್ಕೆ ಸೀಸನ್ ಪಾಸು, ಸ್ಟೇಷನ್ನಿಂದ ಕಾರ್ಖಾನೆಗೆ ಸೈಕಲ್ಲು. ಮೂವತ್ತು ವರ್ಷಕ್ಕಿಂತ ಜಾಸ್ತಿ. ಕಿವಿ ಸ್ವಲ್ಪ ಮಂದ ಆಗಿತ್ತು, ಅದಕ್ಕೆ ಮನೇಲೂ ಜೋರಾಗಿ ಮಾತಾಡ್ತಿದ್ರು. ಆ ದಿನ ಮ್ಯೂಸಿಯಂನಲ್ಲಿ ಕಿರಣ್ ಪಕ್ಕ ಬಂದಾಗ ಮಾತ್ರ ದನಿ ತಗ್ಗಿಸಿದ್ರು. ರೆಕ್ಕೆ ಮೇಲೆ ಅಂಗೈ ಇಟ್ಟು, ರಿವೆಟ್ ಸಾಲಿನ ಮೇಲೆ ಬೆರಳು ಓಡಿಸ್ತಾ, "ನೋಡು, ಒಂದೂ ಎದ್ದಿಲ್ಲ" ಅಂದ್ರು.

ನಾನು ಕೇಳ್ದೆ: "ತಾತ, ನೀವು ಇದರಲ್ಲಿ ಕೂತು ಹಾರಿದ್ದೀರಾ?"

"ನಾವ್ಯಾಕಪ್ಪ ಹಾರ್ತೀವಿ? ನಾವು ಮಾಡೋರು."

ಬೇಜಾರಲ್ಲಿ ಹೇಳಲಿಲ್ಲ, ಹೆಮ್ಮೆಯಿಂದಾನೇ ಹೇಳಿದ್ರು. ಅದೇ ನನ್ನನ್ನ ಇವತ್ತಿಗೂ ಚುಚ್ಚೋದು. ಕಿರಣ್‌ನಲ್ಲಿ ಎರಡು ಸೀಟು, ಅಕ್ಕಪಕ್ಕ, ಗುರು ಒಂದು ಕಡೆ ಶಿಷ್ಯ ಒಂದು ಕಡೆ. ಅದನ್ನ ಜೋಡಿಸಿದ ಕೈಗೆ ಅಲ್ಲಿ ಮೂರನೇ ಸೀಟು ಯಾವತ್ತೂ ಇರಲಿಲ್ಲ. ತಾತ ಹೋಗಿ ನಾಲ್ಕು ವರ್ಷ ಆಯ್ತು. ಕಿರಣ್ ಬಿಡಿ, ಯಾವ ವಿಮಾನವನ್ನೂ ಅವರು ಹತ್ತಲಿಲ್ಲ. "ಶೋಕಿ" ಅಂತ ನೀವು ಬರೆದಾಗ ನನಗೆ ನೆನಪಾಗಿದ್ದು ಆ ಅಂಗೈ.

5/10
"ಸಣ್ಣ ವಿಮಾನ ಅಂದ್ರೆ ಶ್ರೀಮಂತರದ್ದು." ಇದು ಯಾವಾಗಿಂದ? ನಮ್ಮ ನಾಡಲ್ಲೇ ಅದು ಹಂಗಿರಲಿಲ್ಲ.

ಡಾ. ವಿ.ಎಂ. ಘಾಟ್ಗೆ ಅವರ ತಂಡ ಬೆಂಗಳೂರಲ್ಲಿ ರೂಪಿಸಿದ ಎಚ್‌ಟಿ-2 ಹಾರಿದ್ದು 1951ರಲ್ಲಿ. ಎರಡು ಸೀಟು, ಕಲಿಯೋರಿಗೆ ಅಂತಾನೇ ಮಾಡಿದ್ದು. ಘಾನಾ ದೇಶ ತನ್ನ ವಾಯುಪಡೆ ಕಟ್ಟುವಾಗ ಮೊದಲು ತಗೊಂಡಿದ್ದು ಇದೇ ವಿಮಾನ. ಆಮೇಲೆ 1958ರಲ್ಲಿ ಪುಷ್ಪಕ್ ಬಂತು. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿ ಇಂಜಿನ್. ಅಂದ್ರೆ ನಿಮ್ಮ ಮಾವನ ಸ್ವಿಫ್ಟ್ ಕಾರಿಗೆ ಇರೋವಷ್ಟೇ ಶಕ್ತಿ. ಅದನ್ನ ಮಾಡಿದ್ದು ಯುದ್ಧಕ್ಕಲ್ಲ, ಊರೂರಿನ ಫ್ಲೈಯಿಂಗ್ ಕ್ಲಬ್‌ಗಳಿಗೆ. ನೂರೈವತ್ತರ ಆಸುಪಾಸು ಮಾಡಿದ್ರು.

ಹಾರೋದು ಕಲಿಸೋಕೆ ಜಕ್ಕೂರಿನ ಸರ್ಕಾರಿ ಶಾಲೆ 1949ರಲ್ಲೇ ಶುರುವಾಗಿತ್ತು. ಆ ನೆಲ ಕೊಟ್ಟಿದ್ದು ಜಯಚಾಮರಾಜ ಒಡೆಯರ್. ಹುಡುಗಿಯರೇ, ಇದು ನಿಮಗೆ: ಆ ಶಾಲೇಲಿ ಕಲಿತು ಹೊರಬಂದ ಮೊದಲ ಮಹಿಳೆ ಉಷಾ ಸುಂದರಂ, ಅದೇ 1949ರಲ್ಲಿ. ಎರಡು ವರ್ಷ ಆದ್ಮೇಲೆ ಗಂಡ ವಿ. ಸುಂದರಂ ಜೊತೆ ಲಂಡನ್ನಿಂದ ಮುಂಬೈಗೆ ಡವ್ ಅನ್ನೋ ವಿಮಾನ ಹಾರಿಸ್ಕೊಂಡು ಬಂದ್ರು. ಸುಮಾರು 27 ಗಂಟೆ.

ಸರ್ಕಾರದ ಶಾಲೆ, ನಮ್ಮವರ ಕೈಯ್ಯಲ್ಲಿ ಆದ ವಿಮಾನ, ಕ್ಲಬ್ಬಲ್ಲಿ ಕಲಿಯೋ ಹುಡುಗ ಹುಡುಗಿಯರು. ಮೂರೂ ನಮ್ಮಲ್ಲೇ ಇದ್ದವು. "ನಮ್ ದೇಶದಲ್ಲಿ ಆಗಲ್ಲ" ಅನ್ನೋರು ಇದನ್ನ ಎರಡು ಸಲ ಓದಿ.

6/10
ಈಗ ನಿಮ್ಮ ಆಕ್ಷೇಪಣೆಗಳು, ಒಂದೊಂದಾಗಿ.

"ಎಚ್‌ಎಎಲ್ ರಕ್ಷಣಾ ಕಾರ್ಖಾನೆ, ಸೆಕ್ಯೂರಿಟಿ ಮುಖ್ಯ. ಯಾರ್ಯಾರೋ ಬಂದು ಇಳಿದ್ರೆ?"

ನ್ಯಾಯವಾದ ಮಾತು. ಅಲ್ಲಿ ಯುದ್ಧವಿಮಾನ ಪರೀಕ್ಷೆ ಆಗುತ್ತೆ, ದಿನಾ ಬಾಗಿಲು ತೆಗೀರಿ ಅಂತ ಹೇಳೋಷ್ಟು ಹುಚ್ಚು ನನಗಿಲ್ಲ. ಆದ್ರೆ ಯಲಹಂಕದ್ದು ಏನು? ಅದು ಕೆಲಸ ಮಾಡ್ತಿರೋ ವಾಯುಪಡೆ ನೆಲೆ. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲೇ ಏರೋ ಇಂಡಿಯಾ ನಡೆಯುತ್ತೆ. ಹೊರದೇಶದ ಯುದ್ಧವಿಮಾನಗಳು ಬಂದು ಇಳೀತವೆ, ಜನಸಾಗರ ಒಳಗೆ ಹೋಗುತ್ತೆ. ನಾವೂ ಸ್ಟೋರಿ ಹಾಕಿದ್ವಲ್ಲ? ಮನಸ್ಸು ಮಾಡಿದ್ರೆ ಸೆಕ್ಯೂರಿಟಿಗೆ ದಾರಿ ಸಿಗುತ್ತೆ.

ನಾನು ಕೇಳ್ತಿರೋದು ಅದರ ಸಾಸಿವೆಯಷ್ಟು. ವರ್ಷಕ್ಕೆ ನಾಲ್ಕು ದಿನ, ಪರೀಕ್ಷಾ ಹಾರಾಟ ಇಲ್ಲದ ದಿನ. ಬರೋದು ಯಾರದ್ದೋ ಗುರುತಿಲ್ಲದ ವಿಮಾನ ಅಲ್ಲ, ಜಕ್ಕೂರಿನ ತರಬೇತಿ ವಿಮಾನ. ಓಡಿಸೋದು ಅಲ್ಲಿನ ಗುರುಗಳೇ. ಹೆಸರು, ಸಮಯ, ದಾರಿ ಎಲ್ಲಾ ಮೊದಲೇ ಬರೆದುಕೊಟ್ಟಿರುತ್ತೆ, ಕಂಟ್ರೋಲ್ ಟವರ್ ಹೇಳಿದಾಗಲೇ ಇಳಿಯೋದು. ಜಕ್ಕೂರಿಂದ ಎಚ್‌ಎಎಲ್‌ಗೆ ನೇರ ಗೆರೆ ಎಳೆದ್ರೆ ಸುಮಾರು 16 ಕಿಲೋಮೀಟರ್, ಹಾರಿದ್ರೆ ಹತ್ತು ನಿಮಿಷದ ದಾರಿ.

ಉದ್ಯಮಿಯ ಜೆಟ್ ಇಳಿಯುವಾಗ ದೇಶಕ್ಕೆ ಅಪಾಯ ಇಲ್ಲ, ಶ್ರೀನಿವಾಸಪುರದ ಸರ್ಕಾರಿ ಶಾಲೆ ಹುಡುಗಿ ಕೂತ ಪುಟ್ಟ ವಿಮಾನ ಇಳಿದ್ರೆ ಅಪಾಯನಾ? ಇದಕ್ಕೆ ಯಾರಾದ್ರೂ ಉತ್ತರ ಕೊಡಿ.

7/10
"ಆದ್ರೂ ಖರ್ಚು? ಹೊಗೆ?"

ಖರ್ಚು ನಿಜ, ಮುಚ್ಚಿಡಲ್ಲ. ಪೈಲಟ್ ಕೆಲಸಕ್ಕೆ ಬೇಕಾದ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ನಮ್ಮಂಥ ಮನೆಗಳು ಅದಕ್ಕೆ ಜಮೀನು ಮಾರಬೇಕಾಗುತ್ತೆ. ಅದಕ್ಕೇ ನಾನು "ಎಲ್ಲರೂ ಪೈಲಟ್ ಆಗಿ" ಅಂತ ಹೇಳ್ತಿಲ್ಲ. ಆದ್ರೆ ಇದು ನಿಮಗೆ ಗೊತ್ತಿತ್ತಾ: ಸ್ವಂತ ಖುಷಿಗೆ ಹಾರೋ ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ವಯಸ್ಸು, ಹತ್ತನೇ ಕ್ಲಾಸು ಪಾಸು, 40 ಗಂಟೆ ಹಾರಾಟ, ಜೊತೆಗೆ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆ. ನಮ್ಮ ಕ್ಲಾಸಲ್ಲಿ ಎಲ್ಲರಿಗೂ ವಯಸ್ಸೂ ಓದೂ ಇದೆ. ಇದು ನಮಗೆ ಯಾರೂ ಹೇಳಿರಲಿಲ್ಲ. ದುಡ್ಡಿನ ಮಾತು ಆಮೇಲೆ. ಮೊದಲು ಗೊತ್ತೇ ಇರಲಿಲ್ಲ ಅಲ್ವಾ?

ಹೊಗೆ ವಿಷಯ. ಪುಷ್ಪಕ್ ಥರದ ವಿಮಾನ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತೆ. ಹತ್ತು ನಿಮಿಷಕ್ಕೆ ಮೂರ್ನಾಲ್ಕು ಲೀಟರ್. ಕಾಲೇಜ್ ಟ್ರಿಪ್‌ಗೆ ಕೋಲಾರದಿಂದ ರೆಸಾರ್ಟ್‌ಗೆ ಹೋದ ಎರಡು ಎಸಿ ಬಸ್ಸು ಎಷ್ಟು ಡೀಸೆಲ್ ಕುಡಿದವು ಅಂತ ನಾವ್ಯಾರೂ ಕೇಳಲಿಲ್ಲ. ಹಂಗಂತ ಸಣ್ಣ ವಿಮಾನ ಶುದ್ಧ ಅಂತಲ್ಲ. ಎಷ್ಟೋ ಸಣ್ಣ ವಿಮಾನಗಳು ಇವತ್ತಿಗೂ ಸೀಸ ಬೆರೆಸಿದ ಪೆಟ್ರೋಲ್ ಸುಡ್ತವೆ, ಅದು ಕೆಟ್ಟದ್ದೇ. ಆದ್ದರಿಂದಲೇ ವರ್ಷಕ್ಕೆ ನಾಲ್ಕು ದಿನ ಅಂದಿದ್ದು, ದಿನಾ ಅಲ್ಲ.

ಹೌದು, ಟ್ರಿಪ್ ಎಲ್ಲಿಗೆ ಅಂತ ಕೈ ಎತ್ತಿಸಿದಾಗ ಮ್ಯೂಸಿಯಂಗೆ ಎದ್ದ ಕೈ ನಾಲ್ಕು. ರೆಸಾರ್ಟ್‌ಗೆ ಐವತ್ತೆರಡು. ಇದನ್ನ ನಾನು ಮರೆತಿಲ್ಲ 🙂

8/10
ಈಗ ದೊಡ್ಡ ಆಕ್ಷೇಪಣೆ. ಇದನ್ನ ಹೇಳಿದ್ದು ಮುಳಬಾಗಿಲಿನ ಗೆಳೆಯ, ಅವನ ಮಾತಿಗೆ ಬೆಲೆ ಕೊಡ್ತೀನಿ: "ನಮ್ಮ ಜಿಲ್ಲೇಲಿ ಬೋರ್‌ವೆಲ್ ಒಣಗಿದೆ, ಟೊಮೆಟೊ ರಸ್ತೆಗೆ ಸುರೀತಾರೆ. ನಿನಗೆ ವಿಮಾನದ ಚಿಂತೆ."

ನೀರು ಮೊದಲು. ಅದರಲ್ಲಿ ಜಗಳವೇ ಇಲ್ಲ. ಆದ್ರೆ ಒಂದು ಗಮನಿಸು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು, ಬೆಂಗಳೂರಿಗಿಂತ ಮುಂಚೆ. ನಮ್ಮ ಮೇಲಿನ ಪ್ರೀತಿಗಲ್ಲ, ಚಿನ್ನ ತೆಗೆಯೋಕೆ. 2001ರ ಫೆಬ್ರವರಿ ಕೊನೇಲಿ ಗಣಿ ಮುಚ್ಚಿದ್ರು. ಎಚ್‌ಎಎಲ್ ಮ್ಯೂಸಿಯಂ ತೆಗೆದಿದ್ದೂ ಅದೇ ವರ್ಷ. ಎಚ್‌ಎಎಲ್‌ನ ರೈಲು ಬೋಗಿ ವಿಭಾಗವೇ 1964ರಲ್ಲಿ ಬೇರೆ ಆಗಿ ಬಿಇಎಂಎಲ್ ಆಯ್ತು. ಆ ಬಿಇಎಂಎಲ್ ಕೆಜಿಎಫ್‌ನಲ್ಲಿ ಬುಲ್ಡೋಜರ್ ಮಾಡುತ್ತೆ. ಈಗ ನರಸಾಪುರದಲ್ಲಿ ನಮ್ಮ ಅಕ್ಕಂದಿರು ಐಫೋನ್ ಜೋಡಿಸ್ತಾರೆ. ಅವರಲ್ಲಿ ಎಷ್ಟು ಜನರ ಕೈಯ್ಯಲ್ಲಿ ಐಫೋನ್ ಇದೆ?

ದೊಡ್ಡ ಯಂತ್ರ ನಮ್ಮ ಜಿಲ್ಲೆಗೆ ಹೊಸದಲ್ಲ. ನೂರಿಪ್ಪತ್ತು ವರ್ಷದಿಂದ ನಾವು ಅದರ ಪಕ್ಕದಲ್ಲೇ ನಿಂತಿದ್ದೀವಿ. ಸೀಟಲ್ಲಿ ಕೂತಿಲ್ಲ. "ಮೊದಲು ನೀರು, ಆಮೇಲೆ ಆಸೆ" ಅಂತ ನಮಗೆ ನಾವೇ ಹೇಳ್ಕೊಳ್ತೀವಿ. ದುಡ್ಡಿರೋ ಬಡಾವಣೆಯ ಮಕ್ಕಳಿಗೆ ಈ ಸಾಲಲ್ಲಿ ನಿಲ್ಲೋಕೆ ಯಾರೂ ಹೇಳಲ್ಲ. ನೀರು ಕೇಳೋ ಬಾಯಿ ಆಕಾಶವನ್ನೂ ಕೇಳಬಹುದು ಕಣೋ. ಒಂದು ಕೇಳಿದ್ರೆ ಇನ್ನೊಂದು ಕಮ್ಮಿ ಆಗಲ್ಲ.

9/10
ಇದು ಯಾಕೆ ಈಗಲೇ ಮುಖ್ಯ? ಈ ಫೋಟೋ ನೋಡಿ, ವೇಮಗಲ್ ರಸ್ತೆ, ಬೈಕಿಂದ ತೆಗೆದಿದ್ದು.

2025ರಲ್ಲಿ ಏರ್‌ಬಸ್ ಮತ್ತು ಟಾಟಾ ಕಂಪನಿಗಳು ವೇಮಗಲ್‌ನಲ್ಲಿ ಎಚ್125 ಹೆಲಿಕಾಪ್ಟರ್ ಜೋಡಿಸೋ ಘಟಕ ಅಂತ ಘೋಷಿಸಿದವು. ಖಾಸಗಿಯವರು ಹೆಲಿಕಾಪ್ಟರನ್ನ ಪೂರ್ತಿಯಾಗಿ ಜೋಡಿಸೋದು ಭಾರತದಲ್ಲಿ ಇದೇ ಮೊದಲು. ಎಚ್125 ಅಂದ್ರೆ ಸಾಮಾನ್ಯ ಹೆಲಿಕಾಪ್ಟರ್ ಅಲ್ಲ. 2005ರಲ್ಲಿ ಎವರೆಸ್ಟ್ ನೆತ್ತಿ ಮೇಲೆ ಇಳಿದಿದ್ದು ಇದೇ ಕುಟುಂಬದ್ದು. ಎವರೆಸ್ಟ್ ಮೇಲೆ ಇಳಿದದ್ದು ಕೋಲಾರದ ಪಕ್ಕದಲ್ಲಿ ತಯಾರಾಗುತ್ತೆ!

ಖುಷಿ ಪಡಿ, ನಾನೂ ಪಟ್ಟೆ. ಆಮೇಲೆ ತಾತನ ಅಂಗೈ ನೆನಪಾಯ್ತು. ನಮ್ಮಲ್ಲಿ ಐಟಿಐ, ಡಿಪ್ಲೊಮಾ ಮಾಡ್ತಿರೋರು ಅಲ್ಲಿಗೆ ಕೆಲಸಕ್ಕೆ ಹೋಗ್ತಾರೆ, ಹೋಗಲಿ, ಒಳ್ಳೇದೇ. ಮೂವತ್ತು ವರ್ಷ ಆದ್ಮೇಲೆ ಅವರ ಮೊಮ್ಮಗು "ನೀವು ಇದರಲ್ಲಿ ಹಾರಿದ್ದೀರಾ?" ಅಂತ ಕೇಳಿದಾಗ ಅವರೂ "ನಾವು ಮಾಡೋರು" ಅಂತ ನಗಬೇಕಾ?

ಮಾಡೋರು ಬೇರೆ, ಹಾರೋರು ಬೇರೆ ಅನ್ನೋದು ಯಾವ ವಿಜ್ಞಾನದ ಪುಸ್ತಕದಲ್ಲೂ ಇಲ್ಲ. ಅದು ನಾವು ಒಪ್ಪಿಕೊಂಡ ಪದ್ಧತಿ. ಮನೆ ಕಟ್ಟಿದ ಮೇಸ್ತ್ರಿಗೂ ಗೃಹಪ್ರವೇಶದಲ್ಲಿ ಎಲೆ ಹಾಕಿ ಊಟ ಬಡಿಸ್ತೀವಲ್ಲ? ವಿಮಾನ ಕಟ್ಟಿದ ಜಿಲ್ಲೆಗೆ ಹತ್ತು ನಿಮಿಷದ ಆಕಾಶ ಬಡಿಸೋಕೆ ಏನು ಕಷ್ಟ?

10/10
ಹಾಗಾದ್ರೆ ನನಗೆ ಬೇಕಾಗಿರೋದು ಏನು? ಮೂರೇ.

ಒಂದು. ವರ್ಷಕ್ಕೆ ನಾಲ್ಕು ದಿನ, ಜಕ್ಕೂರಿಂದ ಎಚ್‌ಎಎಲ್‌ಗೆ ಮ್ಯೂಸಿಯಂ ಹಾರಾಟ. ಸೀಟು ಹರಾಜಿಗಲ್ಲ. ಸರ್ಕಾರಿ ಶಾಲೆ ಮಕ್ಕಳಿಗೆ, ಮತ್ತೆ ಕಾರ್ಖಾನೇಲಿ ವಿಮಾನ ಮಾಡಿ ನಿವೃತ್ತರಾದವರಿಗೆ. ಒಂದು ಸಲಕ್ಕೆ ಒಬ್ಬರೇ ಕೂತ್ರೂ ಸರಿ, ಶುರುವಾಗಲಿ.

ಎರಡು. ಜಕ್ಕೂರನ್ನ ಉಳಿಸಿ. ಸುತ್ತ ಅಪಾರ್ಟ್‌ಮೆಂಟು, ಪಕ್ಕದಲ್ಲೇ ಎತ್ತರದ ರಸ್ತೆ. ಅಂಥ ಊರಲ್ಲಿ ಬಯಲು ಕಂಡ್ರೆ ಎಲ್ಲರಿಗೂ ಸೈಟು ಕಾಣ್ಸುತ್ತೆ. ಆ ಬಯಲು ಹೋದ್ರೆ ನಮ್ಮ ರಾಜಧಾನೀಲಿ ಸಣ್ಣ ವಿಮಾನ ಕಲಿಯೋ ಸರ್ಕಾರಿ ಅಂಗಳ ಇನ್ನೊಂದಿಲ್ಲ.

ಮೂರು. ಇದು ಸರ್ಕಾರಕ್ಕಲ್ಲ, ನಿಮಗೆ. ಮ್ಯೂಸಿಯಂಗೆ ಹೋಗಿ. ನಾವೇ ಹೋಗದ ಮ್ಯೂಸಿಯಂಗೆ ಆಕಾಶದ ಬಾಗಿಲು ತೆಗೀರಿ ಅಂತ ಕೇಳೋಕೆ ನಮಗೆ ಯಾವ ಮುಖ ಇದೆ? ಮಾಲೂರಿಂದ ಎಚ್‌ಎಎಲ್‌ಗೆ ನೇರ ಗೆರೆ ಸುಮಾರು 30 ಕಿಲೋಮೀಟರ್. ಪುಷ್ಪಕ್‌ಗೆ ಕಾಲು ಗಂಟೆಯೂ ಬೇಡ. ನಮಗೆ ಸದ್ಯಕ್ಕೆ ಮೂರೂವರೆ ಗಂಟೆ. ಇರಲಿ, ರೈಲಲ್ಲೇ ಹೋಗೋಣ. ಬರೋ ಎರಡನೇ ಶನಿವಾರ, ಬೆಳಗ್ಗೆ ಮಾಲೂರು ಸ್ಟೇಷನ್, ಟಿಕೆಟ್ ಕೌಂಟರ್ ಹತ್ರ ನಾನಿರ್ತೀನಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದೋರು ಹಿಂದಿನ ರಾತ್ರಿನೇ ಬನ್ನಿ, ಅಜ್ಜಿ ಮನೇಲಿ ಜಾಗ ಇದೆ. ಮುದ್ದೆ ಸಾರು ಗ್ಯಾರಂಟಿ.

ಹೋದಾಗ ಕಿರಣ್ ಪಕ್ಕ ಒಂದು ನಿಮಿಷ ನಿಲ್ಲಿ. ರಿವೆಟ್ ಸಾಲು ನೋಡಿ. ಒಂದೂ ಎದ್ದಿಲ್ಲ.

ನಾಲ್ಕು ಕೈ ಎತ್ತಿದ್ವಿ. ಈ ಸಲ ಎಷ್ಟು? ಬರೋರು ಕೆಳಗೆ ನಿಮ್ಮ ತಾಲೂಕಿನ ಹೆಸರು ಹಾಕಿ. 👇

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ನಾವೂಹಾರೋಣ #ಜಕ್ಕೂರುಉಳಿಸಿ